ಹದಿಮೂರನೇ ತಿಂಗಳಿಗೆ ಬಂದ ಫೀ: ಕೆನಡಾದಲ್ಲಿ ಬ್ಯಾಂಕ್ ಆರಿಸುವ ಬಗೆ

ಪ್ರಶ್ನೆ: ನಾನು ದಾವಣಗೆರೆ ಕಡೆಯವನು. ಕೆನಡಾದ ಬ್ರಾಂಪ್ಟನ್‌ಗೆ ಬಂದು ಹದಿನಾಲ್ಕು ತಿಂಗಳಾಯಿತು. ಬಂದ ವಾರದಲ್ಲೇ ಸ್ನೇಹಿತರು ಹೇಳಿದ ದೊಡ್ಡ ಬ್ಯಾಂಕಿನಲ್ಲಿ ಖಾತೆ ತೆರೆದೆ. ಮೊದಲ ವರ್ಷ ಏನೂ ಹಿಡಿಯಲಿಲ್ಲ. ಈಗ ನೋಡಿದರೆ ಒಂದೇ ತಿಂಗಳಲ್ಲಿ 41.95 ಡಾಲರ್ ಹೋಗಿದೆ. ಶಾಖೆಗೆ ಹೋಗಿ ಕೇಳಿದೆ. ‘4,000 ಡಾಲರ್ ಬ್ಯಾಲೆನ್ಸ್ ಇಟ್ಟುಕೊಳ್ಳಿ, ತಿಂಗಳ ಫೀ ಇರುವುದಿಲ್ಲ’ ಎಂದರು. ಶಾಖೆಯೇ ಇಲ್ಲದ ಆನ್‌ಲೈನ್ ಬ್ಯಾಂಕಿಗೆ ಹೋಗು ಅಂತ ರೂಮ್‌ಮೇಟ್ ಹೇಳುತ್ತಾನೆ. ಅಪ್ಪ ಫೋನಿನಲ್ಲಿ ‘ಅಲ್ಲೂ ಎಸ್‌ಬಿಐ ಇದೆಯಂತಲ್ಲ, ಅದರಲ್ಲೇ ಇಡು’ ಅನ್ನುತ್ತಾರೆ. ಮುಂದಿನ ತಿಂಗಳು ಹೆಂಡತಿ ಬರುತ್ತಿದ್ದಾಳೆ. ಯಾವ ಬ್ಯಾಂಕ್ ಒಳ್ಳೆಯದು? ಸ್ಟೇಟ್‌ಮೆಂಟ್ ಜೊತೆಗಿಟ್ಟಿದ್ದೇನೆ.

ಉತ್ತರ: ಸ್ಟೇಟ್‌ಮೆಂಟ್ ಕಳಿಸಿದ್ದು ಒಳ್ಳೆಯದಾಯಿತು. ‘ಯಾವ ಬ್ಯಾಂಕ್ ಒಳ್ಳೆಯದು’ ಅಂತ ಬರೀ ಪ್ರಶ್ನೆ ಬಂದರೆ ನನಗೆ ಉತ್ತರ ಹೊಳೆಯುವುದಿಲ್ಲ. ಒಂದು ತಿಂಗಳಲ್ಲಿ ನಿಮ್ಮ ದುಡ್ಡು ಎಲ್ಲೆಲ್ಲಿ ಓಡಾಡುತ್ತದೆ ಅಂತ ಕಂಡರೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ. ನಾನು ಒಂಬತ್ತು ವರ್ಷ ಮಿಸ್ಸಿಸಾಗಾದ ಒಂದು ಶಾಖೆಯಲ್ಲಿ ಕೌಂಟರಿನ ಆ ಕಡೆ ಕೂತಿದ್ದವಳು. ಈಗ ಈ ಕಡೆ ಕೂತು ಹೇಳುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ನಿಮ್ಮ 41.95 ಡಾಲರನ್ನು ಮೊದಲು ಬಿಡಿಸೋಣ. ತಿಂಗಳ ಫೀ 16.95. ಪೆಟ್ರೋಲ್ ಬಂಕಿನ ಪಕ್ಕದ ಎಟಿಎಂನಿಂದ ಎರಡು ಸಲ ಅರವತ್ತು ಅರವತ್ತು ಡಾಲರ್ ತೆಗೆದಿದ್ದೀರಿ. ಪ್ರತಿ ಸಲ ಆ ಮಷಿನ್‌ನವರು 3, ‘ನಮ್ಮದಲ್ಲದ ಎಟಿಎಂ ಬಳಸಿದ್ದೀರಿ’ ಅಂತ ನಿಮ್ಮ ಬ್ಯಾಂಕ್ 2. ಒಟ್ಟು 10. ಸೇವಿಂಗ್ಸ್ ಖಾತೆಯಿಂದ ರೂಮ್‌ಮೇಟ್‌ಗೆ ಎರಡು ಇ-ಟ್ರಾನ್ಸ್‌ಫರ್ (ಇಲ್ಲಿನ ಯುಪಿಐ ಅನ್ನಿ) ಕಳಿಸಿದ್ದೀರಿ, ಐದೈದು ಡಾಲರ್. ಅದು ಇನ್ನೊಂದು 10. ಒಂದನೇ ತಾರೀಖು ಬಾಡಿಗೆ ಹೋದಾಗ ಚೆಕಿಂಗ್ ಖಾತೆ ಸೊನ್ನೆಗಿಂತ ಕೆಳಗಿಳಿದು ಓವರ್‌ಡ್ರಾಫ್ಟ್‌ಗೆ 5. ಸರಿಯಾಗಿ 41.95. ಹೀಗೇ ನಡೆದರೆ ವರ್ಷಕ್ಕೆ ಐನೂರು ಡಾಲರ್ ದಾಟುತ್ತದೆ. ಓವರ್‌ಡ್ರಾಫ್ಟ್‌ಗೆ ಶೇಕಡಾ ಇಪ್ಪತ್ತೊಂದರ ಆಸುಪಾಸಿನ ಬಡ್ಡಿ ಬೇರೆ, ಅದು ಚಿಲ್ಲರೆ ಸೆಂಟು, ಬಿಡಿ.

ಇದರಲ್ಲಿ ತಿಂಗಳ ಫೀ ಅರ್ಧಕ್ಕಿಂತ ಕಡಿಮೆ. ಶಾಖೆಯವರು ನಿಮಗೆ ಹೇಳಿದ್ದು ಆ ಅರ್ಧದ ಬಗ್ಗೆ ಮಾತ್ರ. ಉಳಿದ 25 ಡಾಲರ್ ಹೋಗಿದ್ದು ಊರಿನ ಅಭ್ಯಾಸದಿಂದ. ಇದು ತಪ್ಪಲ್ಲ, ನಾವೆಲ್ಲ ಮಾಡಿದ್ದೇ.

ಊರಿನಲ್ಲಿ ಎಲ್ಲರದೂ ಸೇವಿಂಗ್ಸ್ ಖಾತೆ. ಸಂಬಳ ಅದಕ್ಕೇ, ಕರೆಂಟ್ ಬಿಲ್ ಅದರಿಂದಲೇ, ಯುಪಿಐ ಕೂಡ ಅದರಿಂದಲೇ. ಇಲ್ಲಿ ಹಾಗಿಲ್ಲ. ದಿನನಿತ್ಯದ ಓಡಾಟಕ್ಕೆ ಚೆಕಿಂಗ್ ಖಾತೆ. ಸೇವಿಂಗ್ಸ್ ಅಂದರೆ ದುಡ್ಡು ಹಾಕಿ ಸುಮ್ನೆ ಬಿಡುವ ಡಬ್ಬಿ. ದೊಡ್ಡ ಬ್ಯಾಂಕುಗಳಲ್ಲಿ ಆ ಡಬ್ಬಿಯಿಂದ ನೇರವಾಗಿ ಹೊರಗೆ ಕಳಿಸಿದರೆ ಸಲಕ್ಕೆ 3 ರಿಂದ 5 ಡಾಲರ್ ಹಿಡಿಯುವುದು ಸಾಮಾನ್ಯ. ಅದೇ ದುಡ್ಡನ್ನು ಮೊದಲು ಆ್ಯಪ್‌ನಲ್ಲಿ ನಿಮ್ಮದೇ ಚೆಕಿಂಗ್ ಖಾತೆಗೆ ಹಾಕಿಕೊಂಡು, ಅಲ್ಲಿಂದ ಕಳಿಸಿದ್ದರೆ ಖರ್ಚು ಸೊನ್ನೆ. ಎರಡು ಬೆರಳಿನ ಕೆಲಸ. ಹತ್ತು ಡಾಲರ್ ಹೋಗಿದ್ದು ಅದಕ್ಕೆ.

ಎಟಿಎಂ ಕಥೆಯೂ ಅಷ್ಟೇ. ನಮ್ಮಲ್ಲಿ ಬೇರೆ ಬ್ಯಾಂಕಿನ ಎಟಿಎಂ ಬಳಸಿದರೂ ತಿಂಗಳಿಗೆ ಕೆಲವು ಸಲ ಉಚಿತ. ಇಲ್ಲಿ ಮೊದಲ ಸಲಕ್ಕೇ ಎರಡು ಕಡೆಯಿಂದ ಹಿಡಿಯುತ್ತಾರೆ. ಬಂಕು, ಬಾರು, ಅಂಗಡಿಯ ಮೂಲೆಯಲ್ಲಿ ನಿಂತಿರುವ ಹೆಸರಿಲ್ಲದ ಮಷಿನ್‌ಗಳು ಬ್ಯಾಂಕಿನವೇ ಅಲ್ಲ, ಖಾಸಗಿಯವರದು. ‘ಫೀ ಹಿಡಿಯುತ್ತೇವೆ, ಒಪ್ಪಿಗೆಯೇ?’ ಅಂತ ಪರದೆಯ ಮೇಲೆ ಕೇಳುತ್ತವೆ. ನಾವು ಓದದೆ ಹಸಿರು ಬಟನ್ ಒತ್ತುತ್ತೇವೆ. ನಗದು ಬೇಕೇ ಬೇಕಿದ್ದರೆ ನಿಮ್ಮ ಬ್ಯಾಂಕಿನ ಎಟಿಎಂ ಹುಡುಕಿ. ಅದು ಹತ್ತಿರ ಇಲ್ಲದಿದ್ದರೆ ದಿನಸಿ ಅಂಗಡಿಯಲ್ಲಿ ಡೆಬಿಟ್ ಕಾರ್ಡಿನಲ್ಲಿ ಬಿಲ್ ಕೊಡುವಾಗ ‘ಕ್ಯಾಶ್ ಬ್ಯಾಕ್’ ಕೇಳಿ ನೋಡಿ, ಹಲವು ಕಡೆ ಕೊಡುತ್ತಾರೆ. ಬಿಲ್ಲಿನ ಮೇಲೆ ನಲವತ್ತು ಡಾಲರ್ ಜಾಸ್ತಿ ಎಳೆದು ನಗದು ಕೈಗಿಡುತ್ತಾರೆ, ಎಟಿಎಂ ಫೀ ಇಲ್ಲ.

ಈಗ ಆ 4,000 ಡಾಲರ್ ಸಲಹೆಗೆ ಬರೋಣ. ಸುಳ್ಳೇನಲ್ಲ. ಅನ್‌ಲಿಮಿಟೆಡ್ ಅನ್ನುವ ಪ್ಯಾಕೇಜಿಗೆ ಹೆಚ್ಚಿನ ದೊಡ್ಡ ಬ್ಯಾಂಕುಗಳಲ್ಲಿ ತಿಂಗಳಿಗೆ 17 ಡಾಲರ್ ಆಸುಪಾಸು, ಹಲವು ಕಡೆ 4,000 ಇಟ್ಟರೆ ಮಾಫಿ. ಆದರೆ ‘ಇಟ್ಟರೆ’ ಅಂದರೆ ತಿಂಗಳ ಸರಾಸರಿ ಅಂದುಕೊಳ್ಳಬೇಡಿ. ನಮ್ಮ ಕಡೆ ಕನಿಷ್ಠ ಬ್ಯಾಲೆನ್ಸ್ ಅಂದರೆ ಸರಾಸರಿ ಲೆಕ್ಕವೇ ಜಾಸ್ತಿ, ಹಾಗಾಗಿ ಇಲ್ಲೂ ಹಾಗೇ ಅಂತ ತುಂಬಾ ಜನ ನಂಬಿರುತ್ತಾರೆ. ಇಲ್ಲಿ ತಿಂಗಳ ಪ್ರತಿ ದಿನವೂ, ದಿನ ಮುಗಿಯುವ ಹೊತ್ತಿಗೆ, ಅಷ್ಟು ಇರಬೇಕು. ಇಪ್ಪತ್ತೊಂಬತ್ತು ದಿನ 4,300 ಇದ್ದು ಒಂದೇ ದಿನ 3,990 ಆದರೆ ಪೂರ್ತಿ ಫೀ ಬೀಳುತ್ತದೆ. ಹತ್ತು ಡಾಲರ್ ಕಡಿಮೆಯಾಗಿದ್ದಕ್ಕೆ ಹದಿನೇಳು ಡಾಲರ್ ದಂಡ!

ಕೌಂಟರಿನಲ್ಲಿ ಇದನ್ನೇ ಕೇಳಿಕೊಂಡು ಬಂದವರನ್ನು ಎಷ್ಟು ಜನ ನೋಡಿದ್ದೇನೋ. ‘ಮೇಡಂ, ಯಾವತ್ತೂ ಇತ್ತಲ್ಲ?’ ಅನ್ನುತ್ತಾರೆ. ನಾನು ಪರದೆ ತಿರುಗಿಸಿ ತೋರಿಸುತ್ತಿದ್ದೆ. ಒಂದನೇ ತಾರೀಖು ಬಾಡಿಗೆ ಹೋಗಿದೆ, ಮೂರನೇ ತಾರೀಖು ಸಂಬಳ ಬಂದಿದೆ. ನಡುವಿನ ಆ ಎರಡು ರಾತ್ರಿ ಸಾಕು.

ನಿಮ್ಮ ಖಾತೆ ಒಂದನೇ ತಾರೀಖಿಗೆ ಸೊನ್ನೆಗಿಂತ ಕೆಳಗೆ ಹೋಗುತ್ತಿದೆ. ಅದಕ್ಕೆ 4,000 ಇಡಿ ಅನ್ನುವುದು ಬರಿಗಾಲಲ್ಲಿ ನಡೆಯುವವನಿಗೆ ಕಾರು ಕೊಂಡರೆ ಬಸ್ ಚಾರ್ಜ್ ಉಳಿಯುತ್ತದೆ ಅಂದ ಹಾಗಾಯಿತು. ಸೇವಿಂಗ್ಸ್‌ನಲ್ಲಿರುವ 3,100 ತಂದು ಸೇರಿಸಿದರೂ ಸಾಲದು.

ಹಾಗಂತ ಆ ಸಲಹೆ ಎಲ್ಲರಿಗೂ ಕೆಟ್ಟದ್ದಲ್ಲ. 4,000 ಡಾಲರ್ ಸುಮ್ನೆ ಬಿದ್ದಿದ್ದರೆ, ವರ್ಷಕ್ಕೆ 203 ಡಾಲರ್ ಫೀ ಉಳಿಯುತ್ತದೆ. ಅಂದರೆ ಹತ್ತಿರ ಹತ್ತಿರ ಶೇಕಡಾ 5ರ ಬಡ್ಡಿ ಬಂದ ಹಾಗೆ. ಉಳಿಸಿದ ಫೀ ಮೇಲೆ ತೆರಿಗೆಯೂ ಇಲ್ಲ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಪಕ್ಕದಲ್ಲೇ ಫೀ ಇಲ್ಲದ ಖಾತೆ ಸಿಗುವಾಗ ಈ ಲೆಕ್ಕ ಬಿದ್ದುಹೋಗುತ್ತದೆ. ಅಲ್ಲಿ ಫೀಯೂ ಇಲ್ಲ, ನಿಮ್ಮ 4,000 ಬೇರೆ ಕಡೆ ಬಡ್ಡಿ ದುಡಿಯುತ್ತಿರುತ್ತದೆ.

ಆ ಫೀ ಇಲ್ಲದ ಖಾತೆಗಳು ಯಾವುವು ಅಂತ ಹೇಳುವ ಮುಂಚೆ, ಈ ದೇಶದ ಬ್ಯಾಂಕುಗಳ ಮನೆತನ ಸ್ವಲ್ಪ ತಿಳಿದಿರಲಿ. ದೊಡ್ಡವು ಐದು: ಆರ್‌ಬಿಸಿ, ಟಿಡಿ, ಸ್ಕೋಶಿಯಾಬ್ಯಾಂಕ್, ಬಿಎಂಒ, ಸಿಐಬಿಸಿ. ಕ್ವಿಬೆಕ್ ಕಡೆ ಬಲವಾಗಿರುವ ನ್ಯಾಷನಲ್ ಬ್ಯಾಂಕ್ ಸೇರಿಸಿದರೆ ಆರು. ಎಚ್‌ಎಸ್‌ಬಿಸಿ ಕೂಡ ಇತ್ತು, 2024ರ ಮಾರ್ಚ್‌ನಲ್ಲಿ ಅದನ್ನು ಆರ್‌ಬಿಸಿ ಕೊಂಡಿತು. ಈ ದೊಡ್ಡವರ ನಡುವೆ ದಿನನಿತ್ಯದ ಖಾತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಂಡಿಲ್ಲ. ಒಬ್ಬರು ಫೀ ಒಂದು ಡಾಲರ್ ಏರಿಸಿದರೆ ಸ್ವಲ್ಪ ದಿನಕ್ಕೆ ಉಳಿದವರೂ ಏರಿಸುತ್ತಾರೆ. ಹೊಸಬರಿಗೆ ಒಂದು ವರ್ಷ ಉಚಿತ ಕೊಡುವುದೂ ಎಲ್ಲರ ಪದ್ಧತಿ. ಹದಿಮೂರನೇ ತಿಂಗಳಿಗೆ ನೀವು ಎದ್ದು ಹೋಗುವುದಿಲ್ಲ ಅನ್ನುವುದು ಅವರ ನಂಬಿಕೆ. ನಾನು ಕೂತಿದ್ದ ಕುರ್ಚಿಯಿಂದ ನೋಡಿದರೆ ಆ ನಂಬಿಕೆ ಹುಸಿಯಾಗುತ್ತಿರಲಿಲ್ಲ.

ಇವರದೇ ಮನೆಯಲ್ಲಿ ಫೀ ಇಲ್ಲದ ಮಕ್ಕಳಿದ್ದಾರೆ, ನಿಮ್ಮ ರೂಮ್‌ಮೇಟ್ ಹೇಳುವ ಶಾಖೆ ಇಲ್ಲದ ಆನ್‌ಲೈನ್ ಬ್ಯಾಂಕುಗಳು. ಟ್ಯಾಂಜರಿನ್ ಸ್ಕೋಶಿಯಾಬ್ಯಾಂಕಿನದು, ಹಿಂದೆ ಐಎನ್‌ಜಿ ಡೈರೆಕ್ಟ್ ಆಗಿತ್ತು. ಸಿಂಪ್ಲಿ ಅನ್ನುವುದು ಸಿಐಬಿಸಿಯೇ. ಅಳಿಯ ಅಲ್ಲ, ಮಗಳ ಗಂಡ! ಎರಡರಲ್ಲೂ ತಿಂಗಳ ಫೀ ಇಲ್ಲದ ಚೆಕಿಂಗ್ ಖಾತೆ ಇದೆ. ಕನಿಷ್ಠ ಬ್ಯಾಲೆನ್ಸ್ ತಲೆನೋವಿಲ್ಲ, ಇ-ಟ್ರಾನ್ಸ್‌ಫರ್‌ಗೆ ದುಡ್ಡಿಲ್ಲ. ಟ್ಯಾಂಜರಿನ್ ಕಾರ್ಡು ಸ್ಕೋಶಿಯಾದ ಎಟಿಎಂಗಳಲ್ಲಿ, ಸಿಂಪ್ಲಿ ಕಾರ್ಡು ಸಿಐಬಿಸಿ ಎಟಿಎಂಗಳಲ್ಲಿ ಉಚಿತವಾಗಿ ನಡೆಯುತ್ತದೆ. ನಗದು ಹಾಕಬೇಕಾದರೂ ಅಲ್ಲೇ ಹಾಕಬಹುದು. ಹದಿನೇಳು ಡಾಲರ್ ಕೊಟ್ಟು ಮಷಿನ್ ಬಳಸುವ ಸಿಐಬಿಸಿ ಗ್ರಾಹಕನಿಗೂ, ಏನೂ ಕೊಡದೆ ಅದೇ ಮಷಿನ್ ಮುಂದೆ ನಿಂತ ಸಿಂಪ್ಲಿಯವನಿಗೂ ಹೊರಬರುವ ನೋಟು ಒಂದೇ.

ಇಕ್ಯೂ ಬ್ಯಾಂಕ್ ಇನ್ನೊಂದು ಜಾತಿ. ಅಲ್ಲಿ ದಿನನಿತ್ಯದ ಖಾತೆಗೇ ಬಡ್ಡಿ ಬರುತ್ತದೆ. ಆದರೆ ನಗದು ಜಮಾ ಮಾಡಲು ದಾರಿ ಇಲ್ಲ. ಕೈಗೆ ನಗದು ಬರುವ ಕೆಲಸದವರಿಗೆ ಅದೊಂದೇ ಸಾಲದು. ವೆಲ್ತ್‌ಸಿಂಪಲ್ ಹೆಸರೂ ನಿಮ್ಮ ರೂಮ್‌ಮೇಟ್ ಹೇಳಿರಬಹುದು. ಅದು ಬ್ಯಾಂಕ್ ಅಲ್ಲ, ಆದರೂ ಫೀ ಇಲ್ಲದ ಖಾತೆ ಕೊಡುತ್ತದೆ. ದುಡ್ಡನ್ನು ವಿಮೆ ಇರುವ ಬ್ಯಾಂಕುಗಳಲ್ಲಿ ಇಡುತ್ತದೆ.

ವಿಮೆ ಅಂದೆನಲ್ಲ, ‘ಶಾಖೆ ಇಲ್ಲದ ಬ್ಯಾಂಕ್ ಮುಳುಗಿದರೆ?’ ಅನ್ನುವುದು ನಿಮ್ಮ ನಿಜವಾದ ಭಯ ಅಂತ ಕಾಣುತ್ತದೆ. ಭಾರತದಲ್ಲಿ ಠೇವಣಿಗೆ 5 ಲಕ್ಷದವರೆಗೆ ವಿಮೆ ಇರುವ ಹಾಗೆ, ಇಲ್ಲಿ ಸಿಡಿಐಸಿ ಅನ್ನುವ ಸರ್ಕಾರಿ ಸಂಸ್ಥೆ ಇದೆ. 1967ರಲ್ಲಿ ಶುರುವಾಗಿದ್ದು. ಒಂದು ಬ್ಯಾಂಕಿನಲ್ಲಿ ಒಂದು ಬಗೆಯ ಖಾತೆಗೆ 1 ಲಕ್ಷ ಡಾಲರ್‌ವರೆಗೆ ಕಾಯುತ್ತದೆ. ಬ್ಯಾಂಕಿಗೆ ಗಾಜಿನ ಬಾಗಿಲಿರಲಿ, ಬರೀ ಆ್ಯಪ್ ಇರಲಿ, ಸದಸ್ಯತ್ವ ಇದ್ದರೆ ಕಾವಲು ಒಂದೇ. ಒಂದು ಸೂಕ್ಷ್ಮ ಇದೆ. ಸಿಂಪ್ಲಿ ಸಿಐಬಿಸಿಯ ಒಂದು ವಿಭಾಗ ಆಗಿರುವುದರಿಂದ ಎರಡೂ ಕಡೆ ಇರುವ ದುಡ್ಡು ಸೇರಿ ಒಂದೇ ಮಿತಿ. ಟ್ಯಾಂಜರಿನ್ ಬೇರೆ ಬ್ಯಾಂಕ್, ಅದಕ್ಕೆ ಸ್ಕೋಶಿಯಾಗಿಂತ ಪ್ರತ್ಯೇಕ ಮಿತಿ. ನಿಮ್ಮ 3,100 ಡಾಲರ್‌ಗೆ ಇದು ಮುಖ್ಯವಲ್ಲ, ಮನೆ ಕೊಳ್ಳಲು ಕೂಡಿಡುವ ಕಾಲಕ್ಕೆ ನೆನಪಿರಲಿ. ಕ್ರೆಡಿಟ್ ಯೂನಿಯನ್‌ಗಳು ಸಿಡಿಐಸಿಗೆ ಬರುವುದಿಲ್ಲ, ಅವಕ್ಕೆ ಆಯಾ ಪ್ರಾಂತ್ಯದ ವಿಮೆ. ಒಂಟಾರಿಯೊದಲ್ಲಿ ಅದು 2,50,000 ಡಾಲರ್‌ವರೆಗೆ. ಕ್ರೆಡಿಟ್ ಯೂನಿಯನ್ ಅಂದರೆ ನಮ್ಮ ಸಹಕಾರಿ ಬ್ಯಾಂಕ್ ಇದ್ದ ಹಾಗೆ ಅಂದುಕೊಳ್ಳಿ. ಮೆರಿಡಿಯನ್‌ನಂಥವು ನೋಡಲು ಯೋಗ್ಯ, ಆದರೆ ನಿಮ್ಮ ಅಗತ್ಯಕ್ಕೆ ಈಗ ಬೇಡ.

ಅಪ್ಪನ ಮಾತು. ಇಲ್ಲಿ ಎಸ್‌ಬಿಐ ಕೆನಡಾ ಬ್ಯಾಂಕ್ ಇದೆ, ಐಸಿಐಸಿಐ ಬ್ಯಾಂಕ್ ಕೆನಡಾ ಇದೆ, ಎರಡೂ ಸಿಡಿಐಸಿ ಸದಸ್ಯರೇ. ಆದರೆ ಅವು ಇಲ್ಲಿನ ಕಾನೂನಿನಲ್ಲಿ ಹುಟ್ಟಿದ ಬೇರೆ ಕಂಪನಿಗಳು. ದಾವಣಗೆರೆ ಶಾಖೆಯ ಪಾಸ್‌ಬುಕ್ಕಿಗೂ ಇಲ್ಲಿನ ಖಾತೆಗೂ ಕೊಂಡಿ ಇಲ್ಲ. ಅಲ್ಲಿನ ಮ್ಯಾನೇಜರ್ ಪರಿಚಯ ಇಲ್ಲಿ ನಡೆಯುವುದಿಲ್ಲ. ವಿದ್ಯಾರ್ಥಿಗಳು ವೀಸಾಕ್ಕೆ ತೋರಿಸುವ ಜಿಐಸಿ ಠೇವಣಿಗೆ, ಊರಿಗೆ ದುಡ್ಡು ಕಳಿಸಲಿಕ್ಕೆ ಕೆಲವರಿಗೆ ಅನುಕೂಲ. ದಿನನಿತ್ಯದ ಸಂಬಳದ ಖಾತೆಗೆ ನಾನು ಹೇಳುವುದಿಲ್ಲ, ಶಾಖೆ, ಎಟಿಎಂ ತೀರಾ ಕಡಿಮೆ. ಅಪ್ಪನಿಗೆ ಇಷ್ಟು ಹೇಳಿ: ‘ಎಸ್‌ಬಿಐನಲ್ಲಿ ನನ್ನ ಹಳೇ ಸೇವಿಂಗ್ಸ್ ಖಾತೆ ಇದೆಯಲ್ಲ, ಅದನ್ನು ಎನ್‌ಆರ್‌ಒ ಮಾಡಿಸಬೇಕಂತೆ.’ ಎನ್‌ಆರ್‌ಒ ಅಂದರೆ ಹೊರದೇಶದಲ್ಲಿರುವವರು ಊರಿನಲ್ಲಿ ಇಟ್ಟುಕೊಳ್ಳುವ ಖಾತೆ. ಕೆಲಸಕ್ಕೆ ಅಂತ ಹೊರದೇಶಕ್ಕೆ ಬಂದ ಮೇಲೆ ಸಾಮಾನ್ಯ ಸೇವಿಂಗ್ಸ್ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಆ ಅರ್ಜಿ ಹಿಡಿದು ಶಾಖೆಗೆ ಓಡಾಡುವುದರಲ್ಲಿ ಅವರಿಗೂ ಸಮಾಧಾನ.

(ಕರಾವಳಿಯವಳಾದ ನನಗೆ ಈ ಫೀ ವಿಷಯದಲ್ಲಿ ಒಂದು ಹಳೇ ಕಿಚ್ಚಿದೆ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಶುರುವಾದಾಗ ಬ್ಯಾಂಕಿನವರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಇಸಿದುಕೊಂಡು ಹೋಗುತ್ತಿದ್ದರು. ಅಂಥ ಊರಿನಿಂದ ಬಂದು, ನಮ್ಮ ದುಡ್ಡು ನಮಗೆ ಕೊಡುವುದಕ್ಕೆ ಐದು ಡಾಲರ್ ಕೇಳುವ ಮಷಿನ್ ಮುಂದೆ ಮೊದಲ ಸಲ ನಿಂತಾಗ ನಾನು ಬಾಯಿಬಿಟ್ಟು ಬೈದಿದ್ದೆ. ತುಳುವಿನಲ್ಲಿ. ಹಿಂದೆ ನಿಂತವರಿಗೆ ಅರ್ಥವಾಗಲಿಲ್ಲ ಅಂತ ಧೈರ್ಯ.)

ಹಾಗಾದರೆ ದೊಡ್ಡ ಬ್ಯಾಂಕು ಬೇಡವೇ ಬೇಡವಾ? ಕೆಲವಕ್ಕೆ ಬೇಕು. ಬಾಡಿಗೆ ಮನೆಗೆ ಮೊದಲ ಮತ್ತು ಕೊನೆಯ ತಿಂಗಳ ದುಡ್ಡನ್ನು ಬ್ಯಾಂಕ್ ಡ್ರಾಫ್ಟ್‌ನಲ್ಲೇ ಕೊಡಿ ಅನ್ನುವ ಮಾಲೀಕರಿದ್ದಾರೆ. ಹಳೇ ಕಾರು ಕೊಳ್ಳುವಾಗಲೂ ಡ್ರಾಫ್ಟ್ ಕೇಳುತ್ತಾರೆ. ಆನ್‌ಲೈನ್ ಬ್ಯಾಂಕಿನಿಂದ ಡ್ರಾಫ್ಟ್ ತರಿಸುವುದು ನಿಧಾನ. ಶಾಖೆಯಲ್ಲಿ ಹತ್ತು ನಿಮಿಷ, ಹತ್ತು ಡಾಲರ್ ಒಳಗೆ. ಲಾಕರ್ ಬೇಕಿದ್ದರೂ ಶಾಖೆಯೇ ಬೇಕು.

ಅದಕ್ಕೆ ಒಂದು ಮಧ್ಯದ ದಾರಿ ಇದೆ, ಪೋಸ್ಟರಿನಲ್ಲಿ ಅದು ಕಾಣುವುದಿಲ್ಲ. ತಿಂಗಳಿಗೆ 4 ಡಾಲರ್ ಮೀರದ ಖಾತೆ ಕೊಡುತ್ತೇವೆ ಅಂತ ದೊಡ್ಡ ಬ್ಯಾಂಕುಗಳು ಕೇಂದ್ರ ಸರ್ಕಾರಕ್ಕೆ ಮಾತು ಕೊಟ್ಟಿವೆ. ವಿದ್ಯಾರ್ಥಿಗಳಿಗೆ, ಸರ್ಕಾರದ ಪೂರಕ ಪಿಂಚಣಿ ಪಡೆಯುವ ಹಿರಿಯರಿಗೆ ಅದೂ ಉಚಿತ. ಶಾಖೆಗೆ ಹೋಗಿ ‘ಲೋ-ಕಾಸ್ಟ್ ಅಕೌಂಟ್’ ಅಂತ ಅದೇ ಹೆಸರು ಹಿಡಿದು ಕೇಳಿ. ಬರೀ ‘ಕಡಿಮೆ ಫೀಯ ಖಾತೆ’ ಅಂದರೆ 11 ಡಾಲರಿನದ್ದನ್ನು ತೋರಿಸುತ್ತಾರೆ, ನಾವು ತೋರಿಸುತ್ತಿದ್ದೆವು. ಪ್ಯಾಕೇಜ್ ಬದಲಿಸಿದರೆ ಖಾತೆಯ ನಂಬರ್ ಬದಲಾಗುವುದಿಲ್ಲ, ಸಂಬಳ, ಬಿಲ್ಲು ಎಲ್ಲ ಹಾಗೇ ಇರುತ್ತದೆ. ಫೋನಿನಲ್ಲೇ ಮುಗಿಯುವ ಕೆಲಸ.

ಆದರೆ ಇಂಥ ಸಣ್ಣ ಪ್ಯಾಕೇಜ್‌ಗಳಲ್ಲಿ ತಿಂಗಳಿಗೆ ಇಷ್ಟೇ ವಹಿವಾಟು ಅಂತ ಮಿತಿ ಇರಬಹುದು, ದಾಟಿದರೆ ಒಂದೊಂದಕ್ಕೆ ಡಾಲರ್ ಚಿಲ್ಲರೆ ಬೀಳುತ್ತದೆ. ವಹಿವಾಟು ಅಂದರೆ ಯಾವುದು? ಡೆಬಿಟ್ ಕಾರ್ಡ್ ತಟ್ಟಿದ್ದು, ಬಿಲ್ ಕಟ್ಟಿದ್ದು, ಇ-ಟ್ರಾನ್ಸ್‌ಫರ್ ಕಳಿಸಿದ್ದು, ವಿಮೆಯವರು ತಾವೇ ಎಳೆದುಕೊಂಡಿದ್ದು, ಎಲ್ಲವೂ. ಮಿತಿ ದಾಟಿದ ಮೇಲೆ ಟಿಮ್ ಹಾರ್ಟನ್ಸ್‌ನಲ್ಲಿ ಎರಡು ಡಾಲರಿನ ಕಾಫಿಗೆ ಡೆಬಿಟ್ ಕಾರ್ಡ್ ತಟ್ಟಿದರೆ ಕಾಫಿ ಮೂರು ಡಾಲರ್ ದಾಟಿತು ಅಂತ ಲೆಕ್ಕ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಅಂಥ ತಟ್ಟುವಿಕೆ ನಲವತ್ತಾರು ಇವೆ, ಎಣಿಸಿದೆ. ಅವನ್ನೆಲ್ಲ ವಾರ್ಷಿಕ ಶುಲ್ಕ ಇಲ್ಲದ ಒಂದು ಕ್ರೆಡಿಟ್ ಕಾರ್ಡಿಗೆ ವರ್ಗಾಯಿಸಿ, ತಿಂಗಳ ಕೊನೆಗೆ ಪೂರ್ತಿ ಬಿಲ್ ಒಂದೇ ಸಲ ಕಟ್ಟಿ. ನಲವತ್ತಾರು ವಹಿವಾಟು ಒಂದಕ್ಕಿಳಿಯುತ್ತದೆ. ಜೊತೆಗೆ ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅನ್ನುವ, ಸಾಲದ ದಾಖಲೆ ಇಡುವ ಕಂಪನಿಗಳಲ್ಲಿ ನಿಮ್ಮ ಸಾಲದ ಚರಿತ್ರೆ ಬೆಳೆಯುತ್ತದೆ, ಮುಂದೆ ಮನೆ ಸಾಲಕ್ಕೆ ಅದೇ ಆಧಾರ. ಪೂರ್ತಿ ಕಟ್ಟಲು ಆಗುವುದಿಲ್ಲ ಅನ್ನುವ ಅನುಮಾನ ಇದ್ದರೆ ಈ ಸಲಹೆ ಬಿಟ್ಟುಬಿಡಿ. ಕಾರ್ಡಿನ ಬಡ್ಡಿ ಶೇಕಡಾ 20ರ ಮೇಲೆಯೇ, ಉಳಿಸಿದ ಫೀಯನ್ನೆಲ್ಲ ಅದು ನುಂಗುತ್ತದೆ.

ಒಂದು ಹಳೇ ಗುಮ್ಮ ಈಗ ಸ್ವಲ್ಪ ಸಣ್ಣದಾಗಿದೆ. ಖಾತೆಯಲ್ಲಿ ದುಡ್ಡಿಲ್ಲದಾಗ ಚೆಕ್ಕು ಅಥವಾ ತಾನಾಗಿ ಎಳೆದುಕೊಳ್ಳುವ ಬಿಲ್ಲು ಬೌನ್ಸ್ ಆದರೆ ಎನ್‌ಎಸ್‌ಎಫ್ ಫೀ. ದೊಡ್ಡ ಬ್ಯಾಂಕುಗಳು ಇದಕ್ಕೆ 45 ರಿಂದ 48 ಡಾಲರ್ ಹಿಡಿಯುತ್ತಿದ್ದವು. ವೈಯಕ್ತಿಕ ಖಾತೆಗಳಿಗೆ 2026ರ ಮಾರ್ಚ್ 12ರಿಂದ ಸರ್ಕಾರ ಅದನ್ನು 10 ಡಾಲರ್‌ಗೆ ಕಟ್ಟಿಹಾಕಿದೆ. ಇದು ಬ್ಯಾಂಕಿನ ದಂಡ ಮಾತ್ರ. ಆ ಕಡೆ ದುಡ್ಡು ಸಿಗದ ವಿಮೆ ಕಂಪನಿ ತನ್ನದೂ ಹಾಕುತ್ತದೆ, ಒಂಟಾರಿಯೊದಲ್ಲಿ ಮನೆ ಮಾಲೀಕರು 20 ಡಾಲರ್‌ವರೆಗೆ ಖರ್ಚು ಕೇಳಬಹುದು. ಹಾಗಾಗಿ ಬೌನ್ಸ್ ಆಗದಂತೆ ನೋಡಿಕೊಳ್ಳುವುದೇ ಕ್ಷೇಮ. ಅದಕ್ಕೆ ಒಂದು ಉಚಿತ ಕಾವಲುಗಾರ ಇದ್ದಾನೆ. ಬ್ಯಾಲೆನ್ಸ್ 100 ಡಾಲರ್‌ಗಿಂತ ಕೆಳಗಿಳಿದರೆ ಬ್ಯಾಂಕ್ ಸಂದೇಶ ಕಳಿಸಲೇಬೇಕು, 2022ರ ಜೂನ್ 30ರಿಂದ ಇದು ಕಾನೂನು. ಆ 100 ಅನ್ನು ನೀವು ಬದಲಿಸಬಹುದು. ನಿಮ್ಮ ಬಾಡಿಗೆ ಪಾಲು ಎಷ್ಟೋ ಅದಕ್ಕಿಂತ ಐವತ್ತು ಡಾಲರ್ ಮೇಲೆ ಇಡಿ. ಒಂದನೇ ತಾರೀಖಿನ ಮುಂಚೆಯೇ ಫೋನ್ ಟಿಣ್ ಅನ್ನುತ್ತದೆ, ಸೇವಿಂಗ್ಸ್‌ನಿಂದ ಚೆಕಿಂಗ್‌ಗೆ ಹಾಕಿಕೊಳ್ಳಬಹುದು. ನಿಮ್ಮ ಓವರ್‌ಡ್ರಾಫ್ಟ್‌ನ ಐದು ಡಾಲರ್ ಉಳಿಯುವುದು ಇಷ್ಟರಿಂದಲೇ. ಆ ದಿನ ನಿಮ್ಮ ಸೇವಿಂಗ್ಸ್‌ನಲ್ಲಿ 3,100 ಇತ್ತು!

ಈಗ ನೇರ ಉತ್ತರ. ನಿಮ್ಮ ಮನೆ, ಕೆಲಸದ ದಾರಿಯಲ್ಲಿ ಸ್ಕೋಶಿಯಾ ಎಟಿಎಂ ಇದೆಯೋ ಸಿಐಬಿಸಿ ಎಟಿಎಂ ಇದೆಯೋ ನೋಡಿ. ಮೊದಲನೆಯದಾದರೆ ಟ್ಯಾಂಜರಿನ್, ಎರಡನೆಯದಾದರೆ ಸಿಂಪ್ಲಿ. ಎರಡೂ ಇದ್ದರೆ ಯಾರು ಹೊಸಬರಿಗೆ ದುಡ್ಡು ಕೊಡುತ್ತಿದ್ದಾರೋ ಅವರು. ಸಂಬಳ ತಿರುಗಿಸಿದರೆ ಕೆಲವು ನೂರು ಡಾಲರ್ ಕೊಡುವ ಆಫರ್ ಆಗಾಗ ಬರುತ್ತಿರುತ್ತದೆ. ಷರತ್ತು ಓದಿ, ಎಷ್ಟು ತಿಂಗಳು ಸಂಬಳ ಅಲ್ಲೇ ಬರಬೇಕು ಅಂತ ಬರೆದಿರುತ್ತದೆ. ಹೊಸ ಗ್ರಾಹಕರಿಗೆ ಕೊಡುವ ಜೋರು ಬಡ್ಡಿಯೂ ಕೆಲವೇ ತಿಂಗಳಿನದು, ಆಮೇಲೆ ಇಳಿಯುತ್ತದೆ. ಹಳೇ ದೊಡ್ಡ ಬ್ಯಾಂಕಿನ ಖಾತೆಯನ್ನು 4 ಡಾಲರಿನದಕ್ಕೆ ಇಳಿಸಿ ಆರು ತಿಂಗಳು ಇಟ್ಟುಕೊಳ್ಳಿ. ಹೆಂಡತಿ ಬರುತ್ತಾರೆ, ದೊಡ್ಡ ಮನೆ ಹುಡುಕುತ್ತೀರಿ, ಡ್ರಾಫ್ಟ್ ಬೇಕಾಗುತ್ತದೆ. ಆಮೇಲೆ ಮುಚ್ಚಿ.

ಬದಲಿಸುವಾಗ ನಾನು ಮಾಡಿದ ಎಡವಟ್ಟು ಮಾಡಬೇಡಿ. ನಾನು ಹೊಸ ಖಾತೆ ತೆರೆದ ವಾರದಲ್ಲೇ ಹುಮ್ಮಸ್ಸಿನಿಂದ ಹಳೆಯದನ್ನು ಮುಚ್ಚಿದೆ. ವರ್ಷಕ್ಕೊಮ್ಮೆ ಬರುವ ಕಾರಿನ ತುರ್ತು ಸಹಾಯದ ಚಂದಾ ಒಂದು ಅಲ್ಲಿತ್ತು, ಮರೆತೇ ಹೋಗಿತ್ತು. ದುಡ್ಡು ಸಿಗದೆ ಅವರು ರದ್ದು ಮಾಡಿದರು. ನನಗೆ ಗೊತ್ತಾಗಿದ್ದು ಜನವರಿಯ ಒಂದು ರಾತ್ರಿ, ಮೈನಸ್ ಹದಿನೆಂಟರಲ್ಲಿ, ಹೆದ್ದಾರಿ ಪಕ್ಕದಲ್ಲಿ ಬ್ಯಾಟರಿ ಸತ್ತಾಗ. ಬ್ಯಾಂಕಿನಲ್ಲಿ ಕೆಲಸ ಮಾಡುವವಳ ಕಥೆ ಇದು! ನೀವು ಹಿಂದಿನ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಂಡು, ತಾನಾಗಿ ಹೋಗುವ ಪ್ರತಿ ದುಡ್ಡಿಗೂ ಗುರುತು ಹಾಕಿ. ಖಾತೆ ಮುಚ್ಚಿದ ಮೇಲೆ ಆ್ಯಪ್ ತೆರೆಯುವುದಿಲ್ಲ, ಹಾಗಾಗಿ ಮುಂಚೆಯೇ ಇಳಿಸಿಕೊಳ್ಳಿ. ಕೆಲಸದ ಕಡೆ ಹೊಸ ಡೈರೆಕ್ಟ್ ಡೆಪಾಸಿಟ್ ಫಾರ್ಮ್ ಕೊಡಿ. ಅದರಲ್ಲಿ ಮೂರು ಸಂಖ್ಯೆ ಇರುತ್ತದೆ: ಬ್ಯಾಂಕಿನ ಮೂರಂಕಿ, ಶಾಖೆಯ ಐದಂಕಿ, ಖಾತೆಯ ನಂಬರ್. ನಮ್ಮ ಐಎಫ್‌ಎಸ್‌ಸಿ ಇಲ್ಲಿ ಎರಡು ತುಂಡಾಗಿದೆ ಅಂತ ತಿಳಿಯಿರಿ. ಆ ಫಾರ್ಮ್ ಆ್ಯಪ್‌ನಲ್ಲೇ ಸಿಗುತ್ತದೆ, ಚೆಕ್ ಬುಕ್ ತರಿಸಬೇಡಿ. ಇಲ್ಲಿ ಚೆಕ್ ಬುಕ್ ಪುಕ್ಕಟೆ ಬರುವುದಿಲ್ಲ, ದೊಡ್ಡ ಬ್ಯಾಂಕುಗಳಲ್ಲಿ ಹಲವು ಹತ್ತು ಡಾಲರ್. ಹೊಸ ಖಾತೆಗೆ ಎರಡು ಸಂಬಳ ಬಿದ್ದ ಮೇಲೆ ಬಿಲ್ಲುಗಳನ್ನು ತಿರುಗಿಸಿ.

ಮುಚ್ಚದೆ ಹಾಗೇ ಮರೆತುಬಿಡುವುದು ಇನ್ನೊಂದು ತಪ್ಪು. ಎರಡು ವರ್ಷ ಮುಟ್ಟದ ಖಾತೆಗೆ ನಿಷ್ಕ್ರಿಯ ಅಂತ ಫೀ ಶುರುವಾಗುತ್ತದೆ. ಹತ್ತು ವರ್ಷ ಮುಟ್ಟದಿದ್ದರೆ ಉಳಿದಿದ್ದು ಬ್ಯಾಂಕ್ ಆಫ್ ಕೆನಡಾಗೆ (ನಮ್ಮ ಆರ್‌ಬಿಐ ಇದ್ದ ಹಾಗೆ) ಹೋಗಿ ಕೂರುತ್ತದೆ.

ಹೋಗಿರುವ ದುಡ್ಡಿನ ಬಗ್ಗೆಯೂ ಒಂದು ಮಾತು. ಬ್ಯಾಂಕಿಗೆ ಫೋನ್ ಮಾಡಿ ಎರಡು ಸೇವಿಂಗ್ಸ್ ಫೀ, ಒಂದು ಓವರ್‌ಡ್ರಾಫ್ಟ್ ಫೀ ವಾಪಸ್ ಕೇಳಿ. ‘ಮೊದಲ ಸಲ ಆಗಿದೆ, ನನಗೆ ನಿಯಮ ಗೊತ್ತಿರಲಿಲ್ಲ, ದಯವಿಟ್ಟು ರಿವರ್ಸ್ ಮಾಡಿ’ ಅಂದರೆ ಸಾಕು. ಕೌಂಟರಿನವರ ಕೈಯಲ್ಲಿ ಅಷ್ಟು ಅಧಿಕಾರ ಇರುತ್ತದೆ, ನಾನೇ ಎಷ್ಟೋ ಸಲ ವಾಪಸ್ ಹಾಕಿದ್ದೇನೆ. ಕೇಳದವರಿಗೆ ಮಾತ್ರ ಹಾಕಿಲ್ಲ. ಕೂಗಾಡಬೇಡಿ, ಖಾತೆ ಮುಚ್ಚುವ ಯೋಚನೆಯಲ್ಲಿದ್ದೇನೆ ಅಂತ ಮೆಲ್ಲಗೆ ಸೇರಿಸಿ. ನಿಜವಾಗಿ ತಪ್ಪಾಗಿ ಹಿಡಿದ ದೊಡ್ಡ ಮೊತ್ತವಾದರೆ ದೂರು ಬರೆದು ಕೊಡಿ. ಬ್ಯಾಂಕಿಗೆ 56 ದಿನದ ಗಡುವು. ಅದಕ್ಕೂ ಬಗ್ಗದಿದ್ದರೆ ಓಬಿಎಸ್‌ಐ ಅನ್ನುವ ಹೊರಗಿನ ದೂರು ಸಂಸ್ಥೆಗೆ ಹೋಗಬಹುದು. 2024ರ ನವೆಂಬರ್ 1ರಿಂದ ಎಲ್ಲ ಬ್ಯಾಂಕುಗಳಿಗೂ ಅದೊಂದೇ. ಗ್ರಾಹಕರಿಗೆ ಖರ್ಚಿಲ್ಲ.

ನೀವು ಕೇಳದಿದ್ದರೂ ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು ಕಂಡಿತು. ಊರಿಗೆ ಬ್ಯಾಂಕಿನಿಂದಲೇ 1,000 ಡಾಲರ್ ಕಳಿಸಿದ್ದೀರಿ, ‘ಫೀ ಸೊನ್ನೆ’ ಅಂತ ಖುಷಿಯಾಗಿರಬಹುದು. ಅಪ್ಪನಿಗೆ ಎಷ್ಟು ರೂಪಾಯಿ ಬಿತ್ತು ಅಂತ ಕೇಳಿ, ಅದನ್ನು 1,000ದಿಂದ ಭಾಗಿಸಿ, ಆ ದಿನ ಗೂಗಲ್ ತೋರಿಸುವ ದರದ ಜೊತೆ ಇಟ್ಟು ನೋಡಿ. ಡಾಲರಿಗೆ ಒಂದು ರೂಪಾಯಿ ಕಡಿಮೆ ಇದ್ದರೂ ಸಾವಿರ ರೂಪಾಯಿ ದಾರಿಯಲ್ಲೇ ಹೋಯಿತು. ಫೀ ಅಂತ ಬರೆಯದ ಫೀ ಅದು. ವೈಸ್, ರೆಮಿಟ್ಲಿ ತರಹದ ಎರಡು ಮೂರು ಆ್ಯಪ್‌ಗಳಲ್ಲಿ ‘ಕೈಗೆ ಸಿಗುವ ರೂಪಾಯಿ’ ಎಷ್ಟು ಅಂತ ಮಾತ್ರ ಹೋಲಿಸಿ ಕಳಿಸಿ. ಊರಿಗೆ ಹೋದಾಗ ಇಲ್ಲಿನ ಕಾರ್ಡ್ ಹಾಕಿದರೆ ಎಟಿಎಂ ‘ಡಾಲರಿನಲ್ಲಾ, ರೂಪಾಯಿಯಲ್ಲಾ?’ ಅಂತ ಕೇಳಿದರೆ ಯಾವಾಗಲೂ ರೂಪಾಯಿ ಅನ್ನಿ.

ಹೆಂಡತಿಯವರ ವಿಷಯ. ಬಂದ ಕೂಡಲೇ ಇಬ್ಬರೂ ಬೇರೆ ಬೇರೆ ಫೀಯ ಖಾತೆ ತೆರೆಯುವುದು ಬೇಡ. ನಿಮ್ಮ ಹೊಸ ಉಚಿತ ಖಾತೆಯನ್ನು ಜಂಟಿ ಮಾಡಿಸಿ, ಮನೆ ಖರ್ಚಿಗೆ ಅದು. ಅವರ ಹೆಸರಿನಲ್ಲೇ ಒಂದು ಖಾತೆಯೂ ಇರಲಿ, ಅದಕ್ಕೆ ದೊಡ್ಡ ಬ್ಯಾಂಕಿನ ಹೊಸಬರ ಒಂದು ವರ್ಷದ ಉಚಿತ ಪ್ಯಾಕೇಜ್ ತೆಗೆದುಕೊಳ್ಳಲಿ. ಹಳೆಯ ಸಾಲದ ಚರಿತ್ರೆ ಇಲ್ಲದೆಯೇ ಕ್ರೆಡಿಟ್ ಕಾರ್ಡ್ ಸಿಗುವುದು ಅದರ ದೊಡ್ಡ ಲಾಭ. ಕೆಲಸ ಸಿಕ್ಕಿಲ್ಲ, ಹಾಕಲು ದುಡ್ಡಿಲ್ಲ ಅನ್ನುವ ಕಾರಣಕ್ಕೆ ಖಾತೆ ಕೊಡುವುದಿಲ್ಲ ಅನ್ನುವಂತಿಲ್ಲ, ಸರಿಯಾದ ಗುರುತಿನ ಚೀಟಿ ಇದ್ದರೆ ಸಾಕು, ಕಾನೂನು ಹಾಗಿದೆ. ಖಾತೆ ತೆರೆದ ದಿನವೇ ಫೋನಿನ ಕ್ಯಾಲೆಂಡರಿನಲ್ಲಿ ಹನ್ನೊಂದು ತಿಂಗಳ ಮುಂದಿನ ಒಂದು ಶನಿವಾರಕ್ಕೆ ಜ್ಞಾಪನೆ ಇಡಿ: ‘ಬ್ಯಾಂಕಿಗೆ ಫೋನ್, 4 ಡಾಲರಿನದಕ್ಕೆ ಇಳಿಸು.’